ಸಹಿ ಬಾರದವರು

"ಆ ಮಾತು ಹೊಡೆದುಹಾಕು," ಎಂದು ಸಿಸ್ಟರ್ ಒಲಿವೀನ್ ಹಾಳೆಯನ್ನು ಬ್ರೆಡ್ಡು, ಬೆಣ್ಣೆಗಳ ನಡುವೆ ಮೇಜಿನ ಮೇಲೆ ನೂಕಿದರು. "ಎಲ್ಲರದ್ದೂ ಹೊಡಿ. ಆಗಲ್ಲ ಅಂದ್ರೆ ನನ್ನ ತಮ್ಮಂದಾದ್ರೂ ಹೊಡಿ."

ಹುಗೆಟ್ ಚಾಕು ಕೆಳಗಿಟ್ಟಳು. ಅಪ್ಪನ ಮಣ್ಣಿಗೆ ಬರುವವರ ಊಟಕ್ಕೆಂದು ಬೆಳಗಿನಿಂದ ಬ್ರೆಡ್ಡು ಕೊಯ್ದು ಕೊಯ್ದು ಅವಳ ಬೆರಳು ಮರಗಟ್ಟಿದ್ದವು.

"ಅತ್ತೆ, ಅಪ್ಪ ಕೇಳಿದ್ದು ಇದೊಂದೇ. ಶವಪೆಟ್ಟಿಗೆ ಮುಂದೆ ನಮ್ಮ ವಂಶದ ಪಟ್ಟಿ ಓದ್ಬೇಕು, ತಾನು ಬರೆದಿಟ್ಟ ಹಾಗೇ ಓದ್ಬೇಕು ಅಂತ."

"ಓದು. ಯಾರು ಬೇಡ ಅಂದ್ರು? ಹೆಸರು ಓದು, ಊರು ಓದು, ಮದುವೆ ಓದು. ಫ್ರಾನ್ಸಿಂದ ಹಡಗು ಹತ್ತಿ ಬಂದವನ ತನಕ ಎಂಟು ತಲೆಮಾರು! ಯಾರ ಮನೇಲಿದೆ ಇಂಥದ್ದು? ಆದ್ರೆ ಒಬ್ಬೊಬ್ಬರ ಹಿಂದೆನೂ 'ಸಹಿ ಮಾಡಲು ಬರುವುದಿಲ್ಲವೆಂದು ಹೇಳಿದನು' ಅಂತ ಡಂಗುರ ಸಾರ್ತಾ ಹೋಗ್ತೀಯಾ? ಕ್ವಿಬೆಕ್ ಪಟ್ಟಣದಿಂದ ನೆಂಟರು ಬಂದಿದಾರೆ. ಮಾನ ಮರ್ಯಾದೆ ಬೇಡ್ವೇನೇ?"

ಸಿಸ್ಟರ್ ಒಲಿವೀನ್ ಕಾನ್ವೆಂಟ್ ಶಾಲೆಯಲ್ಲಿ ನಲವತ್ತು ವರ್ಷ ಮಕ್ಕಳ ಅಕ್ಷರ ತಿದ್ದಿದವರು. ನದಿಯ ಈ ದಂಡೆಯಲ್ಲಿ ದುಂಡಗೆ ಬರೆಯುವವರು ಯಾರೇ ಇರಲಿ, ಅವರ ಬೆರಳ ಗೆಣ್ಣಿನ ಮೇಲೆ ಆಕೆಯ ರೂಲುದೊಣ್ಣೆ ಒಮ್ಮೆಯಾದರೂ ಬಿದ್ದಿರಲೇಬೇಕು. ಆಕೆ ಒಂದು ಮಾತು ಹೇಳಿದರೆ ಬಿಷಪ್ಪರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ ಎನ್ನುತ್ತಿದ್ದರು ಊರವರು. ಹುಗೆಟ್ ಯಾವ ಲೆಕ್ಕ? ಅವಳು ಶಾಲೆಯ ಬಸ್ಸು ಓಡಿಸುವವಳು.

"ಅತ್ತೆ, ಅದರಲ್ಲಿ ಮಾನ ಹೋಗೋದು ಏನಿದೆ?"

"ನೀನು ಹುಟ್ಟಿರ್ಲಿಲ್ಲ, ನಾನು ಕಣ್ಣಾರೆ ಕಂಡಿದೀನಿ. ನಿಮ್ಮಪ್ಪನ ಮದುವೆ ದಿನ ಪಾದ್ರಿ ದಫ್ತರದಲ್ಲಿ ಬರ್ಕೊಂಡು, ಗಟ್ಟಿಯಾಗಿ ಓದಿದ್ರು. ವಧು ಸಹಿ ಮಾಡಿದಳು, ವರನು ತನಗೆ ಬರುವುದಿಲ್ಲವೆಂದು ಹೇಳಿದನು. ನಿಮ್ಮಮ್ಮನ ಕಡೆಯವರು ಮುಸಿಮುಸಿ ನಕ್ಕರು. ನಮ್ಮಪ್ಪನಿಗೆ ಒಬ್ಬರನ್ನ ಓದಿಸೋ ತ್ರಾಣ ಇತ್ತು. ನನ್ನನ್ನ ಕಳಿಸಿದ. ನಿಮ್ಮಪ್ಪ ಆದೆಲಾರ್ ಒಂಬತ್ತು ವರ್ಷಕ್ಕೇ ಮೀನು ಹಿಡಿಯೋಕೆ ಕೆಸರಿಗಿಳಿದ. ಅವತ್ತು ನಕ್ಕರು. ಇವತ್ತು ಅವನ ಪೆಟ್ಟಿಗೆ ಮುಂದೆನೂ ನಗಿಸ್ತೀಯಾ?"

ಇದು ಬರೀ ಜಂಭದ ಮಾತಾಗಿದ್ದರೆ ಹುಗೆಟ್ ಸರಿಯಾಗಿ ತಿರುಗಿಸಿ ಕೊಡುತ್ತಿದ್ದಳು. ಹಾಳೆಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ಹೊಡೆದುಹಾಕಲಿಲ್ಲ. ಹೊಡೆಯುವುದಿಲ್ಲ ಎಂದೂ ಹೇಳಲಿಲ್ಲ.

*

ಆದೆಲಾರ್ ಲಾಬ್ರಿ ಓದಲು ಕಲಿತದ್ದು ಹೆಂಡತಿ ಬ್ಲಾಂದೀನ್ ತೀರಿಕೊಂಡ ಚಳಿಗಾಲದಲ್ಲಿ, ಅರವತ್ತರ ಹತ್ತಿರ ಬಂದಮೇಲೆ. ಅಲ್ಲಿಯವರೆಗೆ ಅವನ ಬದುಕೆಲ್ಲ ಹಾವುಮೀನು. ನದಿಯ ನೀರಿನ ಇಳಿತದಲ್ಲಿ ಕೆಸರಿಗೆ ಗೂಟ ನೆಡುವುದು, ಬಲೆ ಕಟ್ಟುವುದು, ಶರತ್ಕಾಲದಲ್ಲಿ ಹಿಡಿದದ್ದನ್ನು ಹೊಗೆಗೆ ತೂಗುಹಾಕುವುದು. ಆ ವರ್ಷ ಮೀನು ಕೊಡಲು ಪಾದ್ರಿಯ ಮನೆಗೆ ಹೋದವನು ಮೇಜಿನ ಮೇಲೆ ಹುಟ್ಟು, ಮದುವೆ, ಸಾವು ಬರೆದಿಡುವ ಚರ್ಚಿನ ಹಳೆಯ ದಫ್ತರ ತೆರೆದಿದ್ದುದನ್ನು ಕಂಡು, "ನಮ್ಮೋರು ಇದರಲ್ಲಿದಾರಾ?" ಎಂದು ಕೇಳಿದ. ಎಲ್ಲರೂ ಇದ್ದಾರೆ ಎಂದರು ಪಾದ್ರಿ. ಅಷ್ಟೇ ಸಾಕಾಯಿತು. ಮನೆಗೆ ಬಂದು ಮಗಳ ಬೆನ್ನುಬಿದ್ದ.

ಹುಗೆಟ್ ಮಕ್ಕಳ ಪಾಠಪುಸ್ತಕ ತಂದಳು. ಬೆಕ್ಕು, ಚೆಂಡು, ಮರ ಎಂದು ಎರಡು ವಾರ ಹೇಗೋ ಕುಳಿತ. ಆಮೇಲೆ ಜಪ್ಪಯ್ಯ ಅಂದರೂ ಕೇಳಲಿಲ್ಲ. "ಬೆಕ್ಕು ಕಟ್ಕೊಂಡು ನಾನೇನು ಮಾಡ್ಲಿ? ನಮ್ಮಜ್ಜನ ಹೆಸರು ಹೇಗಿರುತ್ತೆ ತೋರಿಸು." ಹೀಗಾಗಿ ಅಪ್ಪ ಮಗಳಿಬ್ಬರೂ ಹಳೆಯ ಪಾದ್ರಿಗಳ ಕೈಬರಹದಲ್ಲೇ ಅಕ್ಷರಾಭ್ಯಾಸ ಮಾಡಿದರು. ಕೊನೆಯವರೆಗೂ ಆದೆಲಾರ್ ದಿನಪತ್ರಿಕೆಯನ್ನು ತಡವರಿಸುತ್ತಲೇ ಓದುತ್ತಿದ್ದ. ಆದರೆ ಇನ್ನೂರು ವರ್ಷ ಹಿಂದಿನ ಕಾಗೆ ಕಾಲು ಗುಬ್ಬಿ ಕಾಲಿನ ಬರಹ ಕೊಟ್ಟರೆ ಸಾಕು, ನೀರು ಕುಡಿದಂತೆ ಓದಿಬಿಡುತ್ತಿದ್ದ. "ಈ ಪಾದ್ರಿ ಊಟಕ್ಕೆ ಮುಂಚೆ ಬರೆದಿದಾನೆ ನೋಡು, ನೆಟ್ಟಗಿದೆ. ಇಲ್ಲಿಂದ ವೈನ್ ಇಳಿದಿದೆ," ಎಂದು ನಗುತ್ತಿದ್ದ.

ಕೆಲಸ ಹೇಳಲು ಸುಲಭ. ಒಂದು ಮದುವೆಯ ಬರಹ ಸಿಕ್ಕರೆ ಅದರಲ್ಲಿ ಹುಡುಗನ ಅಪ್ಪ ಅಮ್ಮನ ಹೆಸರಿರುತ್ತದೆ. ಆಮೇಲೆ ಅವರ ಮದುವೆ ಹುಡುಕಬೇಕು. ಹೀಗೆ ಮದುವೆಯಿಂದ ಮದುವೆಗೆ ಹಿಂದೆ ಹಿಂದೆ ನಡೆಯಬೇಕು. ಆದರೆ ಮುತ್ತಜ್ಜ ಮಜೊರಿಕ್ ಯಾರದೋ ಮಗಳನ್ನು ಮೆಚ್ಚಿ ನದಿಯಾಚೆ ಹೋಗಿ ಮದುವೆಯಾಗಿದ್ದ, ಆ ಬರಹ ಅಲ್ಲಿಯ ಯಾವುದೋ ಚರ್ಚಿನಲ್ಲಿತ್ತು. ಅವನೊಬ್ಬನನ್ನು ಹುಡುಕುವಷ್ಟರಲ್ಲಿ ನಾಲ್ಕು ಚಳಿಗಾಲ ಕಳೆದವು. ಆದೆಲಾರ್ ಹಳೆಯ ಟ್ರಕ್ಕಿನಲ್ಲಿ ಊರೂರು ತಿರುಗಿ, ಪಾದ್ರಿಗಳಿಗೆ ಹೊಗೆಮೀನು ಕೊಟ್ಟು, ಹಿತ್ತಿಲ ಕೋಣೆಗಳಲ್ಲಿ ಕೋಟು ಬಿಚ್ಚದೆ ಕುಳಿತು ಓದಿದ.

ಎಲ್ಲರದ್ದೂ ಮುಗಿದ ದಿನ ಹುಗೆಟ್‌ಳೇ ಅಂದಿದ್ದಳು, "ಅಪ್ಪಾ, ಒಬ್ಬನಿಗೂ ಸಹಿ ಬರ್ತಿರ್ಲಿಲ್ವಲ್ಲ. ಆ ಸಾಲು ಬಿಟ್ಟುಬಿಡೋಣ್ವಾ?"

ಅಪ್ಪ ಅವಳನ್ನು ದುರುಗುಟ್ಟಿಕೊಂಡು ನೋಡಿದ.

"ಬಿಡೋದಾ? ಸರಿಯಾಗಿ ನೋಡೇ ಹುಡುಗಿ. ಹುಟ್ಟಿದ, ಮದುವೆಯಾದ, ಸತ್ತ ಅನ್ನೋದೆಲ್ಲ ಪಾದ್ರಿ ಮಾತು. ಇಲ್ಲಿ ಮಾತ್ರ 'ಹೇಳಿದನು' ಅಂತಿದೆ. ಪಾದ್ರಿ ಲೇಖನಿ ಮುಂದೆ ಹಿಡಿದಿದಾರೆ, ನೆಂಟರೆಲ್ಲ ನೋಡ್ತಿದಾರೆ. ಇವನು ತಲೆಯೆತ್ತಿ, ನನಗೆ ಬರಲ್ಲ ಸ್ವಾಮಿ ಅಂದಿದಾನೆ. ನಮ್ಮೋರ ಬಾಯಿಂದ ಬಂದಿದ್ದರಲ್ಲಿ ಇವತ್ತಿಗೆ ಉಳಿದಿರೋದು ಅದೊಂದೇ ಮಾತು. ಅದೂ ಸತ್ಯವಾದ ಮಾತು. ಅದನ್ನ ಬಿಟ್ಟು ಇನ್ನೇನು ಇಟ್ಕೊಳ್ಳೋಣ?"

*

ನವೆಂಬರಿನ ಗಾಳಿ ನದಿಯಿಂದ ನೇರ ಚರ್ಚಿನ ಬಾಗಿಲಿಗೇ ಬಡಿಯುತ್ತಿತ್ತು. ಒಳಗೆ ಜನ ಕಿಕ್ಕಿರಿದಿದ್ದರು. ಮುಂದಿನ ಸಾಲುಗಳಲ್ಲಿ ಪಟ್ಟಣದ ನೆಂಟರು, ಹಿಂದೆ ಗೋಡೆಗೊರಗಿ ಹಾವುಮೀನಿನವರು. ಪೂಜೆ ಮುಗಿಯುವ ಹೊತ್ತಿಗೆ ಫಾದರ್ ಲೂಸಿಯಾಂ ಹುಗೆಟ್ ಕಡೆ ತಲೆಯಾಡಿಸಿದರು. ಅವಳು ಎದ್ದು ಪೆಟ್ಟಿಗೆಯ ಪಕ್ಕ ನಿಂತಳು. ಮೊದಲ ಸಾಲಿನಲ್ಲೇ ಅತ್ತೆ, ಕಪ್ಪು ಶಾಲಿನೊಳಗೆ ಕೈ ಸೇರಿಸಿಕೊಂಡು ನೆಟ್ಟಗೆ ಕುಳಿತಿದ್ದರು.

"ತೂಸೆಂ ಲಾಬ್ರಿ. ಫ್ರಾನ್ಸಿನಿಂದ ಬಂದವನು, ಕಲ್ಲುಗೋಡೆ ಕಟ್ಟುವವನು. ಮಾತುರೀನ್ ಗೊಸ್ಲೆಯನ್ನು ಮದುವೆಯಾದನು." ಹುಗೆಟ್ ಉಸಿರು ಎಳೆದುಕೊಂಡಳು. "ಸಹಿ ಮಾಡಲು ಬರುವುದಿಲ್ಲವೆಂದು ಹೇಳಿದನು."

ಪಟ್ಟಣದ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂಬುದು ಎಲ್ಲರಿಗೂ ಗೊತ್ತಾಯಿತು. ಅತ್ತೆಯ ಮುಖ ಕೆಂಪಾಯಿತು. ಹುಗೆಟ್‌ಳ ಕಿವಿ ಬಿಸಿಯಾಯಿತು, ಆದರೂ ನಿಲ್ಲಿಸಲಿಲ್ಲ. ತೂಸೆಂನ ಮಗ, ಅವನ ಮಗ, ಪ್ರಿಸ್ಕ್. "ಸಹಿ ಮಾಡಲು ಬರುವುದಿಲ್ಲವೆಂದು ಹೇಳಿದನು." ಅವಳ ದನಿ ಸಣ್ಣದಾಗುತ್ತಾ ಬಂತು.

"ಗಟ್ಟಿಯಾಗಿ ಓದವ್ವಾ!" ಹಿಂದಿನಿಂದ ಕೂಗಿದ್ದು ಮುದುಕ ಫಿಲೆಯಾಸ್, ಆದೆಲಾರ್ ಜೊತೆ ಜೀವಮಾನವಿಡೀ ಗೂಟ ನೆಟ್ಟವನು. "ನಮ್ಮ ತಾತನಿಗೂ ಬರ್ತಿರ್ಲಿಲ್ಲ!"

"ನಮ್ಮೋರಿಗೂ!" ಎಂದಿತು ಇನ್ನೊಂದು ದನಿ.

"ನಿಂಗೇ ಬರಲ್ವಲ್ಲೋ!" ಎಂದು ಮತ್ತೊಬ್ಬ ಫಿಲೆಯಾಸನಿಗೇ ತಿವಿದ. ಚರ್ಚಿಗೆ ಚರ್ಚೇ ನಕ್ಕಿತು. ಈ ನಗು ಬೇರೆ ಥರದ್ದು. ಹುಗೆಟ್ ಹಾಳೆಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಳು. ಮಜೊರಿಕ್, ಎಲ್ಜೆಯಾರ್ ಎಂದು ಒಬ್ಬೊಬ್ಬರನ್ನೂ ಊಟಕ್ಕೆ ಕರೆದಂತೆ ಗಟ್ಟಿಯಾಗಿ ಕರೆದಳು.

ಕೊನೆಗೆ ಒಂದೇ ಹೆಸರು ಉಳಿಯಿತು. ಅವಳು ಅತ್ತೆಯತ್ತ ನೋಡಿದಳು. ಅತ್ತೆ ಬೇಡವೆಂದು ಕಣ್ಣಲ್ಲೇ ಬೇಡಿಕೊಂಡರು.

"ಆದೆಲಾರ್ ಲಾಬ್ರಿ, ನನ್ನಪ್ಪ. ಬ್ಲಾಂದೀನ್ ಪೆಲ್ಚಾಳನ್ನು ಮದುವೆಯಾದನು. ಸಹಿ ಮಾಡಲು ಬರುವುದಿಲ್ಲವೆಂದು ಹೇಳಿದನು."

ಯಾರೂ ನಗಲಿಲ್ಲ. ಹುಗೆಟ್ ಹಾಳೆ ಮಡಿಸಿ, ಆ ಮಾತಿನ ಬಗ್ಗೆ ಅಪ್ಪ ಅಂದು ಆಡಿದ್ದನ್ನು ಇದ್ದದ್ದು ಇದ್ದಹಾಗೆ ಹೇಳಿದಳು. ಹೇಳುವಾಗ ಪಟ್ಟಣದವರನ್ನೂ ನೋಡಲಿಲ್ಲ, ಫಿಲೆಯಾಸನನ್ನೂ ನೋಡಲಿಲ್ಲ. ಅತ್ತೆಗೇ ಹೇಳಿದಳು. ಅತ್ತೆ ತಲೆ ಬಗ್ಗಿಸಿದವರು ಪೆಟ್ಟಿಗೆ ಎತ್ತುವವರೆಗೂ ಮೇಲೆತ್ತಲಿಲ್ಲ.

*

ಮಣ್ಣು ಹಾಕಿ ಬಂದಮೇಲೆ ಫಾದರ್ ಲೂಸಿಯಾಂ ಇಬ್ಬರನ್ನೂ ಚರ್ಚಿನ ಒಳಕೋಣೆಗೆ ಕರೆದರು. ದಫ್ತರದ ಎರಡು ಪ್ರತಿಗಳು ಮೇಜಿನ ಮೇಲಿದ್ದವು, ಒಂದು ಚರ್ಚಿಗೆ, ಇನ್ನೊಂದು ಸರ್ಕಾರಕ್ಕೆ. ಬಾಗಿಲಲ್ಲಿ ಫಿಲೆಯಾಸ್, ನೆಂಟರು, ಊಟಕ್ಕೆ ಹೊರಟಿದ್ದವರು ಎಲ್ಲ ಗುಂಪುಗೂಡಿದ್ದರು. ಫಾದರ್ ಆದೆಲಾರ್‌ನ ಮಣ್ಣಿನ ದಾಖಲೆ ಓದಿದರು, ಅದಕ್ಕೆ ಮನೆಯವರಿಬ್ಬರ ಸಹಿ ಬೇಕಿತ್ತು. ಹುಗೆಟ್ ಮೊದಲನೆಯದರಲ್ಲಿ ಸಹಿ ಹಾಕಿ ಪೆನ್ನನ್ನು ಅತ್ತೆಗೆ ಕೊಟ್ಟಳು.

ಅತ್ತೆ ಶಾಲಿನಿಂದ ಬಲಗೈ ಹೊರತೆಗೆದರು. ಪೆನ್ನು ಹಿಡಿದ ಕೈ ಕಾಗದ ಮುಟ್ಟುವ ಮೊದಲೇ ಗಡಗಡ ನಡುಗಿತು. ಎಡಗೈಯಿಂದ ಹಿಡಿದುಕೊಂಡರು. ಆ ಕೈಯೂ ನಡುಗಿತು. ಹೋದ ವರ್ಷ ಅತ್ತೆ ಕ್ರಿಸ್‌ಮಸ್ ಕಾಗದವನ್ನು ಬೇರೆ ಯಾರ ಕೈಯಲ್ಲೋ ಯಾಕೆ ಬರೆಸಿದ್ದರು ಎಂಬುದು ಹುಗೆಟ್‌ಗೆ ಈಗ ತಿಳಿಯಿತು.

"ಬಿಡಿ ಸಿಸ್ಟರ್," ಫಾದರ್ ಮೆಲ್ಲಗೆ ಅಂದರು. "ಬೇರೆ ಯಾರಾದ್ರೂ ಹಾಕ್ತಾರೆ. ಯಾರಿಗೂ ಗೊತ್ತಾಗಲ್ಲ."

ಸಿಸ್ಟರ್ ಒಲಿವೀನ್ ಪೆನ್ನು ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿದರು.

"ಯಾರನ್ನೂ ಕರೀಬೇಡ ಲೂಸಿಯಾಂ. ನಾನು ಹೇಳಿದ್ದು ಬರ್ಕೋ. ಸತ್ತವನ ಅಕ್ಕ ಒಲಿವೀನ್ ಲಾಬ್ರಿ ಹಾಜರಿದ್ದಳು. ಸಹಿ ಮಾಡಲು ಬರುವುದಿಲ್ಲವೆಂದು ಹೇಳಿದಳು."

"ಅಯ್ಯೋ, ಸಿಸ್ಟರ್! ನನಗೆ ಅಕ್ಷರ ಕಲಿಸಿದ್ದೇ ನೀವು. ನಾನು ಹೇಗೆ ಬರೀಲಿ?"

"ದುಂಡಗೆ ಬರಿ."

ಫಾದರ್ ಬರೆದರು. ಆಕೆ ಬಗ್ಗಿ, ಒಂದೊಂದು ಪದವನ್ನೂ ಕಣ್ಣಲ್ಲೇ ತಿದ್ದುತ್ತಾ ಕೊನೆಯವರೆಗೂ ಓದಿದರು. ಹುಗೆಟ್ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಫಾದರ್ ಎರಡನೆಯ ಪ್ರತಿಯನ್ನು ಮುಂದಕ್ಕೆ ಎಳೆದುಕೊಂಡಾಗ ಸಿಸ್ಟರ್ ಒಲಿವೀನ್ ಶಾಲು ಸರಿಸಿ, ನಡುಗುವ ಎರಡೂ ಕೈಗಳನ್ನು ಬಾಗಿಲಲ್ಲಿದ್ದವರಿಗೆಲ್ಲ ಕಾಣುವಂತೆ ಮೇಜಿನ ಮೇಲಿಟ್ಟರು. ತರಗತಿಯ ಮುಂದೆ ನಿಂತವರಂತೆ ತಲೆಯೆತ್ತಿ, ಅದೇ ಮಾತನ್ನು ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಹೇಳಿದರು.