ಕಿವಿರಾಯನ ಆಂಪ್ಲಿಫೈಯರ್

ಕಿವಿರಾಯ ಕೀಬೋರ್ಡಿನ ‘ಕ’ ಗುಂಡಿ ಒತ್ತಿ, ಕಿವಿ ನಿಮಿರಿಸಿ ಕೂತ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದ. ಈ ಸಲ “ಕ” ಎಂದು ಕೋಣೆಯ ಎರಡು ಮೂಲೆಗಳ ಸ್ಪೀಕರುಗಳಿಂದಲೂ ಸ್ಪಷ್ಟವಾಗಿ ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮ’ ಒತ್ತಿದ. ಮತ್ತೆ ಏನೂ ಇಲ್ಲ. ಮೇಜಿನ ಪಕ್ಕಕ್ಕೆ ಬಾಗಿ ಆಂಪ್ಲಿಫೈಯರಿನ ನೆತ್ತಿಗೆ ಒಮ್ಮೆ ಮೊಟಕಿದ. ಅದು ಬೆಚ್ಚಗಿತ್ತು. ಬೆಚ್ಚಗಿದ್ದುಕೊಂಡೇ ಅಕ್ಷರಗಳನ್ನು ನುಂಗುತ್ತಿತ್ತು.

“ನುಂಗ್ತಾ ಇದೆ ಹಾಳಾದ್ದು. ನೋಡು, ಮತ್ತೆ ನುಂಗ್ತು!”

“ನೋಡ್ದೆ,” ಎಂದಳು ಹೆಂಡತಿ, ಕೋಣೆಯ ಇನ್ನೊಂದು ತುದಿಯ ಹೊಲಿಗೆ ಯಂತ್ರದ ಹಿಂದಿನಿಂದ. ಬೆಳಿಗ್ಗೆಯಿಂದ ಅವಳು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ.

ಅವನಿಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಕಿವಿರಾಯ ಎಂಬ ಹೆಸರಿಟ್ಟವಳು ಅವನ ಅಜ್ಜಿ. ಮೆಟ್ಟಿಲು ಹತ್ತುವ ಸದ್ದಿನಿಂದಲೇ ಬರುತ್ತಿರುವವರು ಯಾರು, ಕೈಯಲ್ಲಿ ಭಾರ ಇದೆಯೋ ಇಲ್ಲವೋ, ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೋ ಹೇಗೆ ಎಂಬುದನ್ನೆಲ್ಲ ಹುಡುಗ ಹೇಳಿಬಿಡುತ್ತಿದ್ದ. ಹೆಸರು ಅಂಟಿಕೊಂಡಿತು, ಹೆಸರಿನ ಜೊತೆ ಜಂಬವೂ ಅಂಟಿಕೊಂಡಿತು. ನಡುವಯಸ್ಸು ದಾಟಿದ ಮೇಲೂ ಅದು ಇಳಿದಿರಲಿಲ್ಲ. ಕಣ್ಣಿದ್ದವರನ್ನು ಕಂಡರೆ ಅವನಿಗೆ ಒಳಗೊಳಗೇ ಕನಿಕರ. ಪಾಪ, ಕಣ್ಣಿದೆಯೆಂದು ಯಾವುದನ್ನೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ ಎಂದು.

ಅನ್ನ ಹುಟ್ಟುತ್ತಿದ್ದದ್ದೂ ಆ ಕಿವಿಯಿಂದಲೇ. ಸಾಕ್ಷಿ ವಿಚಾರಣೆಗಳ ಧ್ವನಿಮುದ್ರಣ ಒಂದು ಕಚೇರಿಯಿಂದ ಮನೆಗೆ ಬರುತ್ತಿತ್ತು. ಅದನ್ನು ಕೇಳಿ ಅವನು ಬೆರಳಚ್ಚು ಮಾಡಿ ಕಳಿಸಬೇಕು. ಕಾಲ ಕೆಳಗೊಂದು ಪೆಡಲ್. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ನಿಂತಾಗ ಬೆರಳು ಓಡುತ್ತದೆ. ಗುಂಡಿ ಒತ್ತಿದಾಗಲೂ ಬರೆದದ್ದನ್ನು ತಿರುಗಿ ನೋಡುವಾಗಲೂ ಕಂಪ್ಯೂಟರಿನೊಳಗಿನ ದನಿಯೊಂದು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತದೆ. ಅವನು ಅದನ್ನು ಗಿಳಿ ಎನ್ನುತ್ತಿದ್ದ. ಈಗ ಹೋದ ತಿಂಗಳಿಂದ ಗಿಳಿಯ ಅಕ್ಷರಗಳು ಹಾರಿಹೋಗುತ್ತಿದ್ದವು. ಪೆಡಲ್ ಬಿಟ್ಟು ಮತ್ತೆ ಒತ್ತಿದರೆ ಮಾತಿನ ತಲೆಯೇ ಇರುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಕಚೇರಿಯ ಮೇಲ್ವಿಚಾರಕಿ ಫೋನ್ ಮಾಡಿದ್ದರು. “ಸರ್, ಪ್ರಶ್ನೆ ಇದೆ, ಉತ್ತರಾನೇ ಇಲ್ಲ. ಸಾಕ್ಷಿ ‘ಇಲ್ಲ’ ಅಂದಿದ್ದು ಬಿಟ್ಟೇಹೋಗಿದೆ. ಒಂದು ಕಡೆ ಅಲ್ಲ, ಸುಮಾರು ಕಡೆ. ನಿಮ್ಮ ಕೆಲಸದಲ್ಲಿ ಇಂಥದ್ದು ನಾನು ನೋಡೇ ಇಲ್ಲ. ಸಾಯಂಕಾಲದೊಳಗೆ ತಿದ್ದಿ ಕಳಿಸಿಬಿಡಿ.” ಆಮೇಲೆ ಸ್ವಲ್ಪ ತಡೆದು, “ತಪ್ಪು ತಿಳ್ಕೋಬೇಡಿ. ಕೇಳಿಸೋದ್ರಲ್ಲಿ ಏನಾದ್ರೂ ತೊಂದರೆ...?”

“ಮಷೀನು ಮೇಡಂ. ಮಷೀನ್ ತೊಂದರೆ,” ಎಂದಿದ್ದ ಕಿವಿರಾಯ, ಅವರ ಮಾತು ಮುಗಿಯುವ ಮೊದಲೇ.

ಫೋನ್ ಇಟ್ಟ ಮೇಲೂ ಕೂತಲ್ಲೇ ಕೂತಿದ್ದ. ಮಷೀನು ಅಲ್ಲದಿದ್ದರೆ? ಕಣ್ಣಿಲ್ಲದ್ದು ಅವನಿಗೆ ಎಂದೂ ಕೊರತೆ ಅನ್ನಿಸಿರಲಿಲ್ಲ. ಆದರೆ ಕಿವಿಯೂ ಹೋದರೆ ಮನುಷ್ಯ ಎಲ್ಲಿರುತ್ತಾನೆ ಎಂದು ಯೋಚಿಸಲು ಹೊರಟವನು, ಅರ್ಧಕ್ಕೇ ಎದ್ದು ವೈರುಗಳಿಗೆ ಕೈ ಹಾಕಿದ.

ಅಲ್ಲಿಂದ ಶುರುವಾಯಿತು ನೋಡಿ ಅವನ ಅವಾಂತರ. ಸ್ಪೀಕರುಗಳನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದ. ಕಂಪ್ಯೂಟರ್ ಆರಿಸಿ ಹೊತ್ತಿಸಿದ. ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತು ಬಟ್ಟೆಯಿಂದ ಉಜ್ಜಿ ಸಿಕ್ಕಿಸಿದ. ದನಿ ಏರಿಸಿ ನೋಡಿದ. ನುಂಗಿದ್ದು ನುಂಗಿಯೇ ಹೋಯಿತು, ಉಳಿದದ್ದು ಕಿರುಚಿತು. ಮೇಲಿನ ಮನೆಯವರು ನೆಲ ಕುಟ್ಟಿದರು. ಊಟಕ್ಕೆ ಕರೆದರೆ ಬಂದೆ ಬಂದೆ ಎನ್ನುತ್ತ ಮೇಜಿನಡಿ ತೂರಿದ.

ಆಂಪ್ಲಿಫೈಯರ್ ಅವನ ಬಾಮೈದನದು. ಹೋದ ತಿಂಗಳು ತನ್ನ ಮನೆಗೆ ಹೊಸದು ತಂದಾಗ ಹಳೆಯದನ್ನು ಇಲ್ಲಿಗೆ ಹೊತ್ತು ತಂದು ಕೂರಿಸಿ ಹೋಗಿದ್ದ. ಅಲ್ಲಿಯವರೆಗೆ ಇದ್ದದ್ದು ಅಂಗೈಯಗಲದ ಎರಡು ಸ್ಪೀಕರು. ಅವುಗಳ ಗಂಟಲು ಕಟ್ಟಿದೆ ಎಂದು ಕಿವಿರಾಯನೇ ಗೊಣಗುತ್ತಿದ್ದ. ಈಗ ಬಾಮೈದನಿಗೆ ಫೋನ್ ಹಚ್ಚಿದ.

“ಭಾವ, ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?”

“ಅಷ್ಟೂ ಗೊತ್ತಾಗಲ್ವೇನಯ್ಯಾ ನಂಗೆ?”

“ಅಲ್ಲ ಭಾವ, ನಮ್ಮನೇಲಿ ಸಿನಿಮಾ ಎಲ್ಲಾ ಚೆನ್ನಾಗೇ ಬರ್ತಿತ್ತಲ್ಲ. ಒಂದು ದಿನಾನೂ ಹಿಂಗೆ ಮಾಡಿದ್ದಿಲ್ಲ.”

ಆ ಮಾತು ಕಿವಿರಾಯನಿಗೆ ಬೇಕಿರಲಿಲ್ಲ. ಎರಡು ಮಾತು ಹೆಚ್ಚಿಗೆ ಬೈದು ಫೋನ್ ಇಟ್ಟ.

“ಹೆಡ್‌ಫೋನ್ ಹಾಕ್ಕೊಂಡು ನೋಡಬಾರ್ದಾ?” ಎಂದಳು ಹೆಂಡತಿ. “ಡ್ರಾಯರಲ್ಲೇ ಇದೆಯಲ್ಲ. ಅದ್ರಲ್ಲಿ ಸರಿಯಾಗಿ ಬಂದ್ರೆ ತಪ್ಪು ಈ ಡಬ್ಬದ್ದೇ ಅಂತ ಗೊತ್ತಾಗುತ್ತಲ್ಲ.”

“ಅದು ಕಿವಿ ಕಾಯಿಸುತ್ತೆ.”

“ಒಂದು ನಿಮಿಷಕ್ಕಾ?”

ಅವನು ಮತ್ತೊಂದು ಪ್ಲಗ್ಗು ಕಿತ್ತ. ಅಷ್ಟು ಸುಲಭದ ಪರೀಕ್ಷೆ ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದರಿಂದಲೇ ಆ ಡ್ರಾಯರಿನ ಹತ್ತಿರ ಸುಳಿದಿರಲಿಲ್ಲ. ಹೆಡ್‌ಫೋನಿನಲ್ಲೂ ಅಕ್ಷರ ಬರದೆಹೋದರೆ ಆಮೇಲೆ ಬೈಯಲು ಯಾವ ಡಬ್ಬ ಉಳಿದಿರುತ್ತದೆ? ಈಗಲಾದರೆ ಅರ್ಧ ಅನುಮಾನ ಡಬ್ಬದ ಪಾಲಿಗಿತ್ತು. ಆ ಅರ್ಧವನ್ನು ಕಳೆದುಕೊಳ್ಳಲು ಅವನಿಗೆ ಭಯವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನ ರೇಗಾಟ ತಾಳಲಾರದೆ ಹೆಂಡತಿಯೇ ಒಂದು ಹಾಡು ಹಾಕಿದಳು. ಹಾಡು ಓಡುತ್ತಿರುವಾಗಲೇ ಅವನ ಬೆರಳು ಸುಮ್ಮನೆ ಒಂದು ಗುಂಡಿಗೆ ಬಿತ್ತು. “ತ” ಎಂದಿತು ಗಿಳಿ, ಹಾಡಿನ ನಡುವೆಯೇ. ಕಾದು ಇನ್ನೊಂದು ಒತ್ತಿದ. “ಪ”. ಮತ್ತೊಂದು. ಒಂದಕ್ಷರವೂ ತಪ್ಪಲಿಲ್ಲ. ಹಾಡು ನಿಲ್ಲಿಸಿ, ತುಸು ಬಿಟ್ಟು ಒತ್ತಿದ. ನುಂಗಿತು.

“ಲೇ, ಬಾ ಇಲ್ಲಿ! ಇದರ ಹಿಂದುಗಡೆ ಒಂದು ಸಣ್ಣ ವೈರಿದೆ ನೋಡು, ಕಂಪ್ಯೂಟರಿಂದ ಬಂದಿರೋದು. ಈ ಕಡೆ ತುದಿ ಕಿತ್ತು ನೋಡು, ಧೂಳು ಗೀಳು ಕೂತಿದ್ಯಾ?”

ಅವಳು ಮಂಡಿಯೂರಿ ಕೂತು ವೈರು ಎಳೆದಳು. “ಧೂಳಿಲ್ಲ ರೀ. ತುದೀಲಿ ಕೆಂಪಗೆ ದೀಪ ಇದೆ. ಸಾಸಿವೆಯಷ್ಟು... ಅಯ್ಯೋ, ಆರಿಹೋಯ್ತು. ನಾನೇನೂ ಮಾಡ್ಲಿಲ್ಲಪ್ಪಾ.”

ಕಿವಿರಾಯ ಒಂದು ಗುಂಡಿ ಒತ್ತಿದ. “ಈಗ?”

“ಬಂತು.”

ಇಬ್ಬರೂ ಸುಮ್ಮನೆ ಕಾದರು. “ಹೋಯ್ತು,” ಎಂದಳು. ಅವನು ಒತ್ತಿದ. “ಬಂತು!”

ಅವನು ತೊಡೆ ತಟ್ಟಿಕೊಂಡು ಎಂಥ ನಗು ನಕ್ಕನೆಂದರೆ ಅವಳು ವೈರು ಕೈಬಿಟ್ಟಳು. ಆ ವೈರಿನಲ್ಲಿ ಸದ್ದು ಹರಿಯುವುದು ಬೆಳಕಾಗಿ. ಮಾತಿಲ್ಲದಾಗ ಕಂಪ್ಯೂಟರು ದೀಪ ಆರಿಸಿಬಿಡುತ್ತದೆ. ದೀಪ ಆರಿದರೆ ಆಂಪ್ಲಿಫೈಯರು ತೂಕಡಿಸುತ್ತದೆ. ಮತ್ತೆ ಬೆಳಕು ಬಂದಾಗ ಅದು ಮೈಮುರಿದು ಏಳುವಷ್ಟರಲ್ಲಿ ಚಿಕ್ಕ ಮಾತು ಬಂದು ಹೋಗಿಯೇ ಆಗಿರುತ್ತದೆ. ಬಾಗಿಲು ತಟ್ಟಿದವರು ಹೊರಟುಹೋದ ಮೇಲೆ ಎದ್ದು ಚಿಲಕ ತೆಗೆಯುವ ಸೋಮಾರಿಯ ಹಾಗೆ. ಸಿನಿಮಾದಲ್ಲಿ ಸದ್ದು ನಿಲ್ಲುವುದೇ ಇಲ್ಲವಲ್ಲ, ಬಾಮೈದನಿಗೆ ಗೊತ್ತಾಗುವುದಾದರೂ ಹೇಗೆ?

ಹೆಂಡತಿಯಿಂದ ಹಳೆಯ ಪೆಟ್ಟಿಗೆ ಕೆದಕಿಸಿ ಕೆಂಪು ಬಿಳಿ ಮೂತಿಯ ಹಳೇ ಕಾಲದ ವೈರು ಹುಡುಕಿಸಿದ. ಅದರಲ್ಲಿ ದೀಪವೂ ಇಲ್ಲ, ತೂಕಡಿಕೆಯೂ ಇಲ್ಲ. ಸಿಕ್ಕಿಸಿ, ಬೇಕೆಂದೇ ಬಹಳ ಹೊತ್ತು ಸುಮ್ಮನಿದ್ದು, ‘ಕ’ ಒತ್ತಿದ. “ಕ” ಎಂದಿತು ಗಿಳಿ.

“ನನ್ನ ಕಿವಿ ಅಲ್ಲ!” ಎಂದುಬಿಟ್ಟ.

ಬೆಳಿಗ್ಗೆಯಿಂದ ಅದುಮಿಟ್ಟುಕೊಂಡದ್ದು ತಾನಾಗಿ ಹೊರಗೆ ಬಂದಿತ್ತು. ಹೆಂಡತಿ ಏನಾದರೂ ಅನ್ನಬಹುದೆಂದು ಕಾದ. ಅವಳು ಹೊಲಿಗೆ ಯಂತ್ರದ ಹತ್ತಿರ ಹೋಗಿ ಕೂತಳು, ಆದರೆ ಯಂತ್ರ ಓಡಿಸಲಿಲ್ಲ.

ಅವನಿಗೆ ಅದನ್ನು ಗಮನಿಸುವಷ್ಟು ವ್ಯವಧಾನವಿರಲಿಲ್ಲ. ಪೆಡಲ್ ಒತ್ತಿ ಕೂತು, ಬಿಟ್ಟುಹೋದ ‘ಇಲ್ಲ’ಗಳನ್ನೆಲ್ಲ ಒಂದೊಂದಾಗಿ ಹಿಡಿದು ಅವುಗಳ ಜಾಗದಲ್ಲಿ ಕೂರಿಸಿದ. ದನಿಯನ್ನು ಮಾತ್ರ ಬೆಳಿಗ್ಗೆ ಏರಿಸಿದ್ದಲ್ಲಿಂದ ಇಳಿಸಿರಲಿಲ್ಲ. ಕೆಲಸ ಮುಗಿಸಿ ಕಳಿಸಿ, ಮೇಲ್ವಿಚಾರಕಿಗೆ ಫೋನ್ ಮಾಡಿ ದೀಪದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ. ಅವರು ನಕ್ಕರು. ಅವನೂ ನಕ್ಕ.

ಅಷ್ಟರಲ್ಲಿ ಹೆಂಡತಿಯ ತಂಗಿಯ ಫೋನ್ ಬಂತು. ಕೈಯಲ್ಲಿ ಬಟ್ಟೆ ಇದ್ದದ್ದರಿಂದ ಅವಳು ಫೋನನ್ನು ಹೊಲಿಗೆ ಮೇಜಿನ ಮೇಲೆ ಜೋರು ದನಿಗೆ ಹಾಕಿ ಮಾತಿಗೆ ತೊಡಗಿದಳು. ನಾದಿನಿಯದು ಹುಟ್ಟಾ ಗಟ್ಟಿ ಗಂಟಲು. ಅಷ್ಟು ದೂರಕ್ಕೂ ಪ್ರತಿ ಮಾತು ಕೇಳಿಸುತ್ತಿತ್ತು.

“ಅಕ್ಕಾ, ಮೆಲ್ಲಗೆ ಮಾತಾಡೇ! ಯಾಕೆ ಹಂಗೆ ಕಿರುಚ್ತೀಯಾ? ನಾನೇನು ಕಿವುಡೀನಾ?”

“ಅಭ್ಯಾಸ ಆಗೋಗಿದೆ ಕಣೇ,” ಎಂದಳು ಹೆಂಡತಿ. ಎಂದವಳು ತಕ್ಷಣ, “ಆಮೇಲೆ ಮಾಡ್ತೀನಿ, ಇರು,” ಎಂದು ಫೋನ್ ಕತ್ತರಿಸಿದಳು.

ಈ ಮನೆಯಲ್ಲಿ ಇರುವುದೇ ಇಬ್ಬರು. ಅವಳಿಗೆ ಕಿರುಚುವ ಅಭ್ಯಾಸ ಯಾರ ಜೊತೆ ಮಾತಾಡಿ ಆಯಿತು ಎಂದು ತಿಳಿಯಲು ಕಿವಿರಾಯನಾಗಿರಬೇಕಾದ್ದಿಲ್ಲ.

“ಯಾವತ್ತಿಂದ?” ಎಂದ.

“ಏನು ಯಾವತ್ತಿಂದ?”

“ಆಟ ಆಡ್ಬೇಡ.”

ಅವಳು ಬಟ್ಟೆ ಮಡಚಿದಳು, ಬಿಡಿಸಿದಳು. “ಒಂದು ವರ್ಷ ಆಯ್ತೇನೋ. ಮೊದಮೊದಲು ಎರಡೆರಡು ಸಲ ಹೇಳ್ತಿದ್ದೆ. ನಿಮಗೆ ಸಿಟ್ಟು ಬರೋದು. ಆಮೇಲೆ ದನೀನೇ ಏರಿಸ್ಕೊಂಡೆ.”

“ಆ ಪುಟ್ಟ ಸ್ಪೀಕರುಗಳು?”

“ಚೆನ್ನಾಗೇ ಇದ್ವು ರೀ. ಕೆಲಸ ಬಿಟ್ಟುಹೋಗುತ್ತೇನೋ ಅಂತ ಭಯ ಆಯ್ತು. ದೊಡ್ಡದು ತಗೊಂಡ್ಬಾ ಅಂತ ತಮ್ಮನಿಗೆ ಹೇಳಿದ್ದು ನಾನೇ.”

ಕಿವಿರಾಯನಿಗೆ ಬಂದದ್ದು ಮೊದಲು ಸಿಟ್ಟು. “ಎಲ್ಲಾ ಸೇರ್ಕೊಂಡು ನಾಟಕ ಆಡಿದ್ರಿ. ಕುರುಡ ಅಂತ ಮೋಸ ಮಾಡಿದ್ರಿ. ನಿನಗೆ ಹೇಳೋಕೆ ಏನಾಗಿತ್ತು ಧಾಡಿ?”

“ಹೇಗೆ ಹೇಳ್ಲಿ?” ಅವಳ ದನಿ ಒಡೆಯಿತು. “ನಿಮಗೆ ಇರೋದೇ ಅದೊಂದು. ಅದೂ ಹೋಗ್ತಿದೆ ಅಂತ ನನ್ನ ಬಾಯಿಂದ ಹೇಗೆ ಹೇಳ್ಲಿ?”

ಅವನ ಸಿಟ್ಟು ಅಲ್ಲೇ ಕುಸಿಯಿತು. ಕುರ್ಚಿಯ ತೋಳನ್ನು ಹಿಡಿದುಕೊಂಡು ಕೂತ. ಆಮೇಲೆ, “ಮುಂಚೆ ಹೇಗೆ ಮಾತಾಡ್ತಿದ್ದೆಯೋ ಹಾಗೆ ಮಾತಾಡು, ನೋಡೋಣ,” ಎಂದ.

“ಬೇಡ ರೀ.”

“ಮಾತಾಡು ಅಂದ್ನಲ್ಲ.”

ಅವಳು ಮಾತಾಡಿದಳು. ಅದು ಅವನಿಗೆ ಒಂದು ಉದ್ದದ ಗುಜುಗುಜುವಾಗಿ ಬಂತು. ಅಲ್ಲೊಂದು ಇಲ್ಲೊಂದು ಪದದ ಬಾಲ ಸಿಕ್ಕಿತು, ಮಿಕ್ಕದ್ದು ಬಟ್ಟೆಯ ಹಿಂದಿನಿಂದ ಆಡಿದ ಹಾಗಿತ್ತು. ತಾನು ಮದುವೆಯಾದದ್ದು ಈ ದನಿಯನ್ನು. ಎದುರಿಗೇ ಇರುವ ಅದನ್ನು ಕಳೆದುಕೊಂಡು ಒಂದು ವರ್ಷವಾಗಿದೆ, ತನಗೆ ಗೊತ್ತೇ ಇಲ್ಲ ಎಂಬುದು ಹೊಳೆದು ಅವನಿಗೆ ಅಳು ಬಂದುಬಿಟ್ಟಿತು. ಅವಳಿಗೆ ಕಾಣಬಾರದೆಂದು ಮುಖ ಗೋಡೆಗೆ ತಿರುಗಿಸಿದ. ಅವಳಿಗೆ ಕಂಡಿತು.

“ಏನಂದೆ?” ಎಂದು ಕೇಳಿದ.

“ಹೊಟ್ಟೆಗೇನೂ ತಿಂದಿಲ್ಲ ನೀವು ಅಂದೆ,” ಎಂದಳು ಗಟ್ಟಿಯಾಗಿ.

ಅವನು ಎದ್ದು ಗೋಡೆ ಹಿಡಿದು ಹೋಗಿ ಚಪ್ಪಲಿ ಮೆಟ್ಟಿದ. “ನಡಿ. ಕಿವಿ ಡಾಕ್ಟರ ಹತ್ರ.”

“ಈಗ್ಲಾ? ಮೊದಲೇ ಹೇಳಿಡ್ಬೇಕು ರೀ, ಹಂಗೆಲ್ಲ ನೋಡಲ್ಲ.”

“ಹೋಗಿ ಕೂತ್ಕೊಳ್ಳೋಣ. ನೋಡೋವರೆಗೂ ಕೂತ್ಕೊಳ್ಳೋಣ. ನಾಳೆ ಅಂದ್ರೆ ನಾನು ಬರಲ್ಲ, ನನಗೆ ನನ್ನ ಬುದ್ಧಿ ಗೊತ್ತು.”

ಅವಳು ಮುಖ ತೊಳೆದು ಬಂದಳು. ಕೋಲು ತಟ್ಟುತ್ತ ಅವನು ಮುಂದೆ, ಕೈಚೀಲ ಹಿಡಿದು ಅವಳು ಹಿಂದೆ. ಬೀದಿಯ ಕೊನೆಯಲ್ಲಿ ದೊಡ್ಡ ರಸ್ತೆ. ಮದುವೆಯಾದ ಹೊಸದರಲ್ಲಿ ಇದೇ ರಸ್ತೆಯಂಚಿನಲ್ಲಿ ಅವಳು ಕೈ ಹಿಡಿಯಲು ಬಂದಾಗ ಅವನು ಕೈ ಕೊಡವಿಕೊಂಡು, ಯಾವ ಗಾಡಿ ಯಾವ ಕಡೆಯಿಂದ ಎಷ್ಟು ದೂರದಲ್ಲಿ ಬರುತ್ತಿದೆಯೆಂದು ಅವಳಿಗೇ ಹೇಳಿ, ಅವಳನ್ನೇ ದಾಟಿಸಿದ್ದ. ಅಂದಿನಿಂದ ಅವಳು ಮತ್ತೆ ಕೈ ಚಾಚಿರಲಿಲ್ಲ.

ಅವನು ಅಂಚಿನಲ್ಲಿ ನಿಂತ. ತಲೆ ಒಂದಿಷ್ಟು ಬಾಗಿಸಿ ಎಡಕ್ಕೆ ಕಿವಿಗೊಟ್ಟ, ಬಲಕ್ಕೆ ಕಿವಿಗೊಟ್ಟ. ಈಗಿನ ಗಾಡಿಗಳಿಗೆ ಸದ್ದೇ ಇರುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಲಿಲ್ಲ. ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಬರಿದಾದ ಕೈಯನ್ನು ಅವಳ ಕಡೆಗೆ ಚಾಚಿದ.

“ಏನಾದ್ರೂ ಬರ್ತಿದ್ಯಾ?”

ಅವಳು ಏನೋ ಅಂದಳು. ಅವನಿಗೆ ಕೇಳಿಸಲಿಲ್ಲ. ಅವಳ ಬೆರಳುಗಳು ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದು ನಿಂತವು. ಎದುರಿಗೆ ಗಾಳಿ ಬೀಸಿ ಏನೋ ದಾಟಿಹೋಯಿತು. ಆ ಬೆರಳುಗಳು ಸಡಿಲವಾಗಿ ಮುಂದಕ್ಕೆ ಎಳೆದಾಗ ಅವನು ರಸ್ತೆಗೆ ಕಾಲಿಟ್ಟ.