ಹೆಬ್ಬೆಟ್ಟು ಒತ್ತಲಿಲ್ಲ

ಹತ್ತೊಂಬತ್ತು ವರ್ಷ ನಾನು ಬಟ್ಟೆ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೆ. ಎಂಬತ್ತು ಪದರ ಬಟ್ಟೆ ಹಾಸಿ ಮೆಷಿನ್ ಓಡಿಸಿದರೆ ಒಂದು ಕಾಲರಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಗೋಡೆ ಪಕ್ಕದ ಕಬ್ಬಿಣದ ರ್‍ಯಾಕಿನ ಕಾಲು ಸಡಿಲವಾಗಿದೆ ಎಂದು ಮ್ಯಾನೇಜರಿಗೆ ಮೂರು ಸಲ ಹೇಳಿದ್ದೆ. "ನೋಡೋಣ ಬಿಡಮ್ಮ" ಎಂದಿದ್ದ. ಅವನು ನೋಡುವ ಮೊದಲೇ ಅದು ಬಟ್ಟೆಯ ಥಾನುಗಳ ಸಮೇತ ನನ್ನ ತಲೆಯ ಮೇಲೆ ಬಿತ್ತು.

ಹನ್ನೊಂದು ದಿನ ಎಚ್ಚರವಿರಲಿಲ್ಲ. ಎಚ್ಚರವಾದಾಗ ಬಲಗೈಯೂ ನನ್ನ ಮಾತು ಕೇಳಲಿಲ್ಲ, ನಾಲಿಗೆಯೂ ಕೇಳಲಿಲ್ಲ. ನೀರು ಬೇಕೆಂದು ಬಾಯಿ ತೆರೆದರೆ "ಬಾಗಿಲು" ಎನ್ನುತ್ತಿದ್ದೆ. ಗಂಡ ಎದ್ದು ಬಾಗಿಲು ಹಾಕಿ ಬರುತ್ತಿದ್ದರು. ನಾನು ಅಳುತ್ತಿದ್ದೆ. ಅವರು ಮತ್ತೆ ಹೋಗಿ ತೆರೆಯುತ್ತಿದ್ದರು.

ಅದನ್ನಾದರೂ ಸಹಿಸಬಹುದಿತ್ತು. ಹೊಟ್ಟೆ ಉರಿಸಿದ್ದು ನೋಡಲು ಬಂದವರು. ನನ್ನ ಮಂಚದ ಮೇಲೇ ಕೂತು, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಾತಾಡುತ್ತಿದ್ದರು. "ಪಾಪ, ಇವ್ಳಿಗೆ ಏನಾದ್ರೂ ಗೊತ್ತಾಗುತ್ತಾ?" ಎಂದು ನಾದಿನಿ ಕೇಳಿದಳು. ಎಲ್ಲವೂ ಗೊತ್ತಾಗುತ್ತಿತ್ತು! ಒಡೆದದ್ದು ತಲೆ, ಕಿವಿಯಲ್ಲ. ಒಳಗೆ ನಾನು ಇಡಿಯಾಗಿ ಕೂತು ಹಲ್ಲು ಕಡಿಯುತ್ತಿದ್ದೆ.

ಮಾತು ಕಲಿಸಲು ಬರುತ್ತಿದ್ದ ಟೀಚರ್ ಮಾತ್ರ ನನ್ನ ಮುಖ ನೋಡಿ ಮಾತಾಡುತ್ತಿದ್ದರು. "ಸಿಟ್ಟು ಬಂದ್ರೆ ಬರಲಿ ಬಿಡಿ. ಒಂದೊಂದ್ಸಲ ಸಿಟ್ಟಲ್ಲೇ ಮಾತು ನುಗ್ಗಿ ಬರುತ್ತೆ" ಎನ್ನುತ್ತಿದ್ದರು.

ಐದನೇ ತಿಂಗಳು ಮ್ಯಾನೇಜರ್ ಮನೆಗೆ ಬಂದ. ಒಂದು ಕೈಯಲ್ಲಿ ಸೇಬು, ಇನ್ನೊಂದರಲ್ಲಿ ಕಾಗದ, ಜೇಬಿನಲ್ಲಿ ಇಂಕ್ ಪ್ಯಾಡ್.

"ಇವರಿಗೆ ಓದೋಕೆಲ್ಲಿ ಆಗುತ್ತೆ ಸಾರ್? ನೀವೇ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿಬಿಡಿ" ಎಂದ, ನನ್ನ ಗಂಡನಿಗೆ.

ಹೆಬ್ಬೆಟ್ಟು! ಹತ್ತೊಂಬತ್ತು ವರ್ಷ ದಿನಾ ರುಜು ಹಾಕಿ ಒಳಗೆ ಹೋದವಳಿಗೆ. ಎಡಗೈಯಿಂದ ಕಾಗದ ಕಿತ್ತುಕೊಂಡೆ. ಅಕ್ಷರಗಳು ಇರುವೆಗಳ ಹಾಗೆ ಹರಿದಾಡಿದವು. ಒಂದೊಂದನ್ನೇ ಬೆರಳಿಟ್ಟು ಹಿಡಿದೆ. ಅರ್ಧ ಗಂಟೆಯಾಯಿತು. ಅವನು ಗಡಿಯಾರ ನೋಡಿಕೊಂಡು ಎದ್ದ.

"ಕೂತ್ಕೊಳ್ಳಿ. ಅವಳು ಓದ್ತಿದ್ದಾಳೆ" ಎಂದರು ಗಂಡ. ಜೋರಾಗಿ ಮಾತಾಡಿದವರೇ ಅಲ್ಲ ಅವರು.

ಐದನೇ ಸಾಲಿನಲ್ಲಿ ಸಿಕ್ಕಿತು: ತಲೆಸುತ್ತು ಬಂದು ನಾನೇ ರ್‍ಯಾಕಿನ ಮೇಲೆ ಬಿದ್ದೆನಂತೆ. ಅದರ ಕೆಳಗೆ, ಕೆಲಸ ಬಿಡಲು ನನಗೆ ಪೂರ್ಣ ಒಪ್ಪಿಗೆಯಂತೆ.

"ಸುಳ್ಳು" ಎಂದೆ. ಬೇರೆ ಯಾವ ಪದವೂ ಅಡ್ಡ ಬರಲಿಲ್ಲ.

"ಏನಂದ್ರು?" ಎಂದು ಮ್ಯಾನೇಜರ್ ನನ್ನ ಗಂಡನನ್ನು ಕೇಳಿದ.

"ನನ್ನ... ಕೇಳು!"

ಸೇಬನ್ನು ಅಲ್ಲೇ ಬಿಟ್ಟು ಹೋದ.

ಆ ವಾರವೇ ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆವು. ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹಾಕುವ ಗೆಳತಿ ಬಂದು, "ಮೂರು ಸಲ ಹೇಳಿದ್ಳು, ಮೂರೂ ಸಲ ನಾನು ಪಕ್ಕದಲ್ಲೇ ಇದ್ದೆ" ಎಂದು ಎದೆಯೊಡ್ಡಿ ಸಾಕ್ಷಿ ಹೇಳಿದಳು. ಏಳು ತಿಂಗಳು ಅಲೆದ ಮೇಲೆ ಕಂಪನಿ ತಪ್ಪು ಒಪ್ಪಿಕೊಂಡಿತು. ರ್‍ಯಾಕುಗಳನ್ನೆಲ್ಲ ಗೋಡೆಗೆ ಬೋಲ್ಟ್ ಹಾಕಿ ಬಿಗಿದರು. ನನ್ನ ಕೆಲಸ ನನಗೇ ಉಳಿಯಿತು.

ಈಗ ದಿನಕ್ಕೆ ನಾಲ್ಕು ಗಂಟೆ ಹೋಗುತ್ತೇನೆ. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಹಾಕುತ್ತೇನೆ. ಮೆಷಿನ್ನುಗಳ ಸದ್ದಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಸಿಟ್ಟು ಇಳಿಯಿತಾ ಎಂದು ಕೆಲವರು ಕೇಳುತ್ತಾರೆ. ಯಾಕೆ ಇಳಿಯಬೇಕು? ಬಲಗೈ ಮತ್ತೆ ಮೆಷಿನ್ ಹಿಡಿಯುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಬೆಳಗ್ಗೆ ಎದ್ದು ಆ ಕೈಗೆ ಹಿಟ್ಟಿನ ಉಂಡೆ ಕೊಟ್ಟು, ಹಿಸುಕು ಎಂದು ಗದರಿಸುತ್ತೇನೆ. ನಿನ್ನೆ ಕಿರುಬೆರಳು ಬಗ್ಗಿತು.