ಯಾರ ಮನೆಯ ಹೈಡ್ರೋಜನ್

ಆ ವಿಜ್ಞಾನಿಯ ಪ್ಯಾಂಟಿಗೆ ಬೆಲ್ಟಿರಲಿಲ್ಲ, ಹತ್ತಿಯ ಲಾಡಿಯಿತ್ತು. ಪ್ರಯೋಗಾಲಯದ ದೈತ್ಯ ಅಯಸ್ಕಾಂತದ ಬಳಿ ಕಬ್ಬಿಣದ ಚೂರೂ ಸುಳಿಯಬಾರದೆಂಬ ನಿಯಮ ಮೈಗೇ ಹತ್ತಿಹೋಗಿ, ವಾಚು, ಬೀಗದಕೈ, ಚಿಲ್ಲರೆಗಳನ್ನು ಕಂಡ ಕಂಡ ಬಾಗಿಲಲ್ಲೆಲ್ಲ ಕಳಚಿಡುತ್ತ, ಒಂದು ಕೈಯಲ್ಲಿ ಸೊಂಟ ಹಿಡಿದು, ನಿದ್ದೆಯಲ್ಲಿ ನಡೆಯುವವರಂತೆ ಹಗುರಾಗಿ ಓಡಾಡುತ್ತಿದ್ದರು. ಒಮ್ಮೆ ಸ್ವಂತ ಮನೆಯ ಹೊಸ್ತಿಲಲ್ಲೂ ಜೇಬು ಖಾಲಿ ಮಾಡತೊಡಗಿದಾಗ ಹೆಂಡತಿ, “ಇಲ್ಲಿ ಯಾವ ಅಯಸ್ಕಾಂತ ಇದೆ ರೀ?” ಎಂದು ಗದರಿದಳು. “ನೀನಿಲ್ವೇನೇ?” ಎಂದರು.

ಅವರ ಕೆಲಸದ ಬಗ್ಗೆ ಆಕೆಗೆ ತಿಳಿದದ್ದು ಇಷ್ಟು. ಎರಡು ಬಗೆಯ ಪುಡಿಗಳನ್ನು ಕುಟ್ಟಾಣಿಯಲ್ಲಿ ಅರೆದರೆ ಎರಡೂ ಕೂಡಿ ಒಂದೇ ಹರಳಾಗುತ್ತವೆ. ಕೂಡಿಸುವುದು ನಡುವೆ ನಿಂತ ಹೈಡ್ರೋಜನ್. ಅದು ತಾನು ಹುಟ್ಟಿದ ಪುಡಿಯೆಂಬ ತವರಲ್ಲೇ ಉಳಿದಿದೆಯೋ, ಇನ್ನೊಂದು ಪುಡಿಯೆಂಬ ಗಂಡನ ಮನೆಗೆ ದಾಟಿದೆಯೋ ಕಣ್ಣಿಗೆ ಕಾಣದು. ಹರಳನ್ನು ಅಯಸ್ಕಾಂತದೊಳಗೆ ಗಿರಗಿರ ತಿರುಗಿಸಿ ರೇಡಿಯೋ ಅಲೆ ಕಳಿಸಿದರೆ, ಆ ಹೈಡ್ರೋಜನ್ ಒಳಗಿನಿಂದ ಸಣ್ಣಗೆ ಮಿಡಿದು ತಾನಿರುವ ಜಾಗ ಹೇಳುತ್ತದೆ.

ಹೊಸ ಹರಳಾದಾಗಲೆಲ್ಲ ಅದು ಯಾವ ಕಡೆಯೆಂದು ಗಂಡ ಹೆಂಡತಿಗೆ ಪಂತ. ಕೊನೆಯ ಬೆಳಗ್ಗೆಯೂ ಅದೇ ಮಾತು.

“ಈ ಸಲ ಯಾವ ಕಡೆ, ಹೇಳೇ.”

“ಗಂಡನ ಮನೆ.”

“ಯಾವಾಗ್ಲೂ ಅದೇ ಹೇಳ್ತೀಯ. ಇದು ತವರು ಬಿಡೋ ಪೈಕಿ ಅಲ್ಲ. ಸಂಜೆ ಬಂದು ಹೇಳ್ತೀನಿ, ನೋಡ್ತಿರು.”

“ಮೊದ್ಲು ಲಾಡಿ ಬಿಗಿಯಾಗಿ ಕಟ್ಕೊಳ್ಳಿ.”

ಹರಳನ್ನು ಯಂತ್ರಕ್ಕೆ ಹಾಕಿ, ಚಹಾ ಕುಡಿಯಲೆಂದು ಇಳಿಯುವಾಗ ಮೆಟ್ಟಿಲ ಮೇಲೆ ಅವರ ಎದೆಬಡಿತ ನಿಂತಿತು. ಯಂತ್ರವನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವರಿಲ್ಲದ ಕೋಣೆಯಲ್ಲಿ ಹರಳು ತಿರುಗುತ್ತಲೇ ಇತ್ತು, ಅವರ ಪ್ರಶ್ನೆಗೆ ಉತ್ತರ ಹೇಳುತ್ತಲೇ ಇತ್ತು.

ಸಮಾಧಾನ ಹೇಳಲು ಬಂದವರನ್ನೆಲ್ಲ ಆಕೆ ಒಂದೇ ಕೇಳಿದಳು: “ಯಾವ ಕಡೆ?” ದುಃಖಕ್ಕೆ ತಲೆ ಕೆಟ್ಟಿತೆಂದು ನಾದಿನಿ ಬಾಗಿಲ ಮರೆಯಲ್ಲಿ ಪಿಸುಗುಟ್ಟಿದಳು. ಕೆಟ್ಟಿರಲಿಲ್ಲ. ಸಂಜೆ ಬಂದು ಹೇಳುತ್ತೇನೆಂದ ಮಾತೊಂದು ಆಕೆಗೆ ಬರಬೇಕಿತ್ತು, ಅಷ್ಟೆ.

ಕೊನೆಗೆ ಅರ್ಥವಾದದ್ದು ಗಂಡನ ಜೊತೆ ದುಡಿದ ಸಂಶೋಧಕಿಗೆ. ಯಂತ್ರ ಬರೆದ ಏರಿಳಿತದ ಗೆರೆಗಳನ್ನು ಓದಿಕೊಂಡು ಒಂದು ದಿನ ಮನೆಗೆ ಬಂದಳು.

“ನಡುವೆ ನಿಂತಿದೆ ಅಕ್ಕಾ. ಇಲ್ಲೂ ಇದೆ, ಅಲ್ಲೂ ಇದೆ. ಇಂಥ ಕಡೆ ಅನ್ನೋಕಾಗಲ್ಲ.”

“ಹಾಗಾದ್ರೆ ಇಬ್ರೂ ಸೋತ್ವಿ.”

ಸಂಶೋಧಕಿ ನಕ್ಕಳು. ನಕ್ಕವಳಿಗೆ ತಡೆಯದೆ ಅಳು ಬಂತು. ಅವಳನ್ನು ಸಮಾಧಾನ ಮಾಡುವ ಕೆಲಸವೂ ಈಕೆಯ ಪಾಲಿಗೇ ಬಂತು.

ಕಾಣದ್ದರ ಇರವನ್ನು ಕೇಳಿ ತಿಳಿಯುವ ಜನ ಹೀಗೆಯೇ. ಪ್ರಶ್ನೆ ಹಾಕುತ್ತಾರೆ, ಕಾಯುತ್ತಾರೆ, ಉತ್ತರ ಬರುವ ಹೊತ್ತಿಗೆ ಎದ್ದು ಹೋಗಿರುತ್ತಾರೆ. ಕೇಳಿಸಿಕೊಳ್ಳುವುದು ಉಳಿದವರಿಗೆ ಬಿಟ್ಟದ್ದು.

ಈಗಲೂ ದಿನಾ ಬೆಳಗ್ಗೆ ಎದ್ದೊಡನೆ ಆಕೆ ಹಾಸಿಗೆ ಸರಿಮಾಡುತ್ತಾಳೆ. ತನ್ನ ಬದಿಯ ಹೊದಿಕೆಯ ಅಂಚನ್ನು ಎಳೆದು ಸಿಕ್ಕಿಸಿ, ಮಂಚ ಸುತ್ತಿ ಬಂದು, ಸುಕ್ಕೇ ಬೀಳದ ಆ ಬದಿಯನ್ನೂ ಎಳೆದು ಸಿಕ್ಕಿಸುತ್ತಾಳೆ.